ಅಜ್ಜನ ಹಲ್ಲಿನ ಸೆಟ್ಟು ಮತ್ತು ಠಾಣೆಯ ಡಬ್ಬ

ಮುಂಬಯಿ ವಿಮಾನ ನಿಲ್ದಾಣದ ಹೊರಬಾಗಿಲಲ್ಲಿ ಅಜ್ಜ ಟ್ರಾಲಿ ತಳ್ಳಿಕೊಂಡು ಬಂದಾಗ ನನಗೆ ವಿಚಿತ್ರವಾಗಿ ಕಂಡದ್ದು ಅವರ ಮೌನ. ದೂರದಿಂದಲೇ ಮಾತು ಆರಂಭಿಸಿ, ನಮ್ಮ ಹತ್ತಿರ ತಲುಪುವ ಹೊತ್ತಿಗೆ ಅರ್ಧ ವಿಷಯ ಮುಗಿಸಿಬಿಡುವವರು ಅವರು. ಅಂದು ಹೆಗಲ ಮೇಲಿನ ಬೈರಾಸು ವಸ್ತ್ರವನ್ನು ಬಾಯಿಗೆ ಒತ್ತಿಕೊಂಡು ತಲೆ ಮಾತ್ರ ಆಡಿಸಿದರು. ಮೊದಲ ವಿಮಾನಯಾನದ ಆಯಾಸ ಇರಬೇಕೆಂದುಕೊಂಡೆ. ಟ್ಯಾಕ್ಸಿಯಲ್ಲಿ ಡೊಂಬಿವಲಿ ತಲುಪುವವರೆಗೂ ಅವರು ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಿದ್ದರು.

ಅಜ್ಜ ಎಂದರೆ ಅಮ್ಮನ ಅಪ್ಪ. ಡೊಂಬಿವಲಿಯ ಕನ್ನಡ ಶಾಲೆಯೊಂದರ ಮೊದಲ ಮುಖ್ಯೋಪಾಧ್ಯಾಯರು. ಮನೆಯಲ್ಲಿ ತುಳು, ರಸ್ತೆಯಲ್ಲಿ ಮರಾಠಿ, ರೈಲಿನಲ್ಲಿ ಹಿಂದಿ ಮಾತನಾಡುವ ಮಕ್ಕಳ ಬಾಯಿಗೆ ಕನ್ನಡವನ್ನು ಕೂರಿಸುವುದರಲ್ಲೇ ಅವರ ಆಯುಷ್ಯ ಕಳೆದಿತ್ತು. ನಿವೃತ್ತರಾದ ಮೇಲೂ ಸ್ಟೇಶನ್ನಿನ ಸೇತುವೆಯ ಮೇಲೆ ಹಳೆಯ ವಿದ್ಯಾರ್ಥಿಗಳನ್ನು ತಡೆದು, ಹಿಂದೆ ಜನ ಒತ್ತುತ್ತಿದ್ದರೂ ಅವರ ಉಚ್ಚಾರಣೆ ತಿದ್ದಿ ಕಳಿಸುತ್ತಿದ್ದರು.

ಅದು ಎರಡು ಸಾವಿರದ ಹತ್ತರ ಆಚೀಚಿನ ಕಾಲ. ಶಾಲೆ ನಡೆಸುತ್ತಿದ್ದ ಸಂಘದ ಹೊಸ ಕಾರ್ಯಕಾರಿ ಸಮಿತಿಯು ಕನ್ನಡ ಮಾಧ್ಯಮದ ತರಗತಿಗಳನ್ನು ಮುಚ್ಚಿ, ಆ ಮಹಡಿಯನ್ನು ಕೋಚಿಂಗ್ ಕ್ಲಾಸಿನವರಿಗೆ ಬಾಡಿಗೆಗೆ ಕೊಡಲು ಹೊರಟಿತ್ತು. ಅದಕ್ಕಾಗಿ ಭಾನುವಾರ ಸಂಜೆ ವಿಶೇಷ ಸಭೆ ಕರೆದಿದ್ದರು. ಕಟ್ಟಡ ಅರ್ಧ ಏಳುತ್ತಿದ್ದ ಕಾಲದಲ್ಲಿ ಊರಿನ ಹೋಟೆಲಿನವರೆಲ್ಲ ಅಲ್ಲಿ ನಿಂತು, ಒಂದೇ ಮಗು ಉಳಿದರೂ ಕನ್ನಡದ ತರಗತಿ ಮುಚ್ಚುವುದಿಲ್ಲವೆಂದು ಮಾತು ಕೊಟ್ಟಿದ್ದರಂತೆ. ಆ ಮಾತನ್ನು ಯಾರೂ ಬರೆದಿಡಲಿಲ್ಲ. ಕೇಳಿದ ಹಿರಿಯರಲ್ಲಿ ಇಬ್ಬರೇ ಉಳಿದಿದ್ದರು. ಒಬ್ಬರು ಕಲ್ಯಾಣದಲ್ಲಿ ಹಾಸಿಗೆ ಹಿಡಿದು, ಮನೆಯವರ ಗುರುತನ್ನೂ ಮರೆತಿದ್ದರು. ಇನ್ನೊಬ್ಬರು ಅಜ್ಜ. ಸಭೆಯ ಸುದ್ದಿ ತಿಳಿದಾಗ ಅವರು ಉಡುಪಿಯ ಹತ್ತಿರ ತಂಗಿಯ ಮನೆಯಲ್ಲಿದ್ದರು. ರೈಲಿನ ಟಿಕೆಟ್ ಸಿಗಲಿಲ್ಲ. ಅಲ್ಲಿದ್ದ ನನ್ನ ಸೋದರಮಾವ ಹಟ ಹಿಡಿದು ಶನಿವಾರದ ವಿಮಾನ ಹತ್ತಿಸಿದ.

ಮನೆಗೆ ಬಂದು, ಮೂರು ಮಾಳಿಗೆಯ ಮೆಟ್ಟಿಲು ಹತ್ತಿಸಿ, ನೀಲಿ ಪೆಟ್ಟಿಗೆಯನ್ನು ನೆಲಕ್ಕಿಟ್ಟ ಕೂಡಲೇ ಅಜ್ಜ ಕೀಲಿ ತಿರುಗಿಸಿ ಮುಚ್ಚಳ ಎತ್ತಿದರು. ಒಳಗೆ ಚಿಂದಿಯಲ್ಲಿ ಸುತ್ತಿದ ತೆಂಗಿನಕಾಯಿಗಳಿದ್ದವು, ಕುಚ್ಚಲಕ್ಕಿಯ ಕಟ್ಟಿತ್ತು, ಒಣಸಿಗಡಿಯ ಪೊಟ್ಟಣವಿತ್ತು, ದೊಡ್ಡದೊಂದು ಸ್ಟೀಲ್ ಡಬ್ಬವಿತ್ತು. ಅಜ್ಜನ ಪಂಚೆ ಇರಲಿಲ್ಲ. ಅವರು ಬೈರಾಸು ಕೆಳಗಿಳಿಸಿ ನಮ್ಮತ್ತ ತಿರುಗಿದರು. ಆಗಲೇ ನಮಗೆ ತಿಳಿದದ್ದು: ಬಾಯಲ್ಲಿ ಹಲ್ಲಿನ ಸೆಟ್ಟು ಇರಲಿಲ್ಲ.

"ಅಪ್ಪಾ, ಹಲ್ಲೆಲ್ಲಿ?" ಎಂದಳು ಅಮ್ಮ.

ಅಜ್ಜ ಪೆಟ್ಟಿಗೆಯನ್ನು ತೋರಿಸಿದರು. ಆಮೇಲೆ ಇದಲ್ಲ ಎಂಬಂತೆ ಕೈ ಬೀಸಿದರು.

ಗಾಳಿಯೇ ಹೆಚ್ಚಾಗಿದ್ದ ಅವರ ಮಾತಿನಿಂದ ನಾವು ವಿಷಯವನ್ನು ಹೆಕ್ಕಿ ತೆಗೆಯಬೇಕಾಯಿತು. ತಂಗಿಯ ಮನೆಯ ಪಕ್ಕದಲ್ಲಿ ಗಲ್ಫಿನಿಂದ ಮರಳಿದವನೊಬ್ಬನಿದ್ದ. ಆ ಓಣಿಯ ಮಟ್ಟಿಗೆ ವಿಮಾನದ ವಿಷಯದಲ್ಲಿ ಅವನ ಮಾತೇ ಕೊನೆಯದು. ಮೈಮೇಲೆ ಚೂರು ಲೋಹವಿದ್ದರೂ ಯಂತ್ರ ಕೂಗುತ್ತದೆ, ಪಕ್ಕಕ್ಕೆ ನಿಲ್ಲಿಸಿ ಎಲ್ಲರೆದುರು ಕಳಚಿಸುತ್ತಾರೆ ಎಂದು ಅವನು ಹೇಳಿದ್ದ. ಅಜ್ಜನ ಸೆಟ್ಟಿನಲ್ಲಿ ಲೋಹದ ತಗಡಿತ್ತು. ಹಳೆಯ ಮೇಷ್ಟ್ರೊಬ್ಬರ ಬಾಯಿಂದ ಪೊಲೀಸರು ಹಲ್ಲು ಕಳಚುವ ದೃಶ್ಯವನ್ನು ಊಹಿಸಿಕೊಂಡು, ಅವರು ಅದನ್ನು ಪ್ಲಾಸ್ಟಿಕ್ ಕರಡಿಗೆಯಲ್ಲಿಟ್ಟು, ಶಾಲಿನಲ್ಲಿ ಸುತ್ತಿ, ಪೆಟ್ಟಿಗೆಗೆ ಸೇರಿಸಿದ್ದರು. ಮುಂಬಯಿಯಲ್ಲಿಳಿದ ಮೇಲೆ ಜನರೆದುರು ಪೆಟ್ಟಿಗೆ ಬಿಚ್ಚಲು ನಾಚಿಕೆಯಾಗಿತ್ತು.

ಪೆಟ್ಟಿಗೆ ಅದಲುಬದಲಾದದ್ದು ಹೇಗೆ ಎಂಬುದನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ, ನಮ್ಮವರಿಗೆ ವಿವರಿಸುವ ಅಗತ್ಯವೇ ಇಲ್ಲ. ಕರಾವಳಿಯವರ ಪತ್ತಿನ ಸಹಕಾರಿ ಸಂಘವೊಂದು ತನ್ನ ವಾರ್ಷಿಕೋತ್ಸವದಲ್ಲಿ ಸದಸ್ಯರೆಲ್ಲರಿಗೂ ಒಂದೇ ಬಗೆಯ ನೀಲಿ ಪೆಟ್ಟಿಗೆ ಹಂಚಿತ್ತು. ಕಲ್ಯಾಣದಿಂದ ಪನ್ವೇಲಿನವರೆಗೆ ನಮ್ಮವರ ಅಟ್ಟಗಳಲ್ಲೆಲ್ಲ ಅದೇ ಪೆಟ್ಟಿಗೆ. ಎಲ್ಲಕ್ಕೂ ಒಂದೇ ಕೀಲಿ; ಯಾರದ್ದು ಯಾರಿಗಾದರೂ ತೆರೆದುಕೊಳ್ಳುತ್ತಿತ್ತು. ಗುರುತಿಗೆಂದು ಹೆಂಗಸರು ಹಿಡಿಕೆಗೆ ಹಳೆಯ ಸೀರೆಯ ಅಂಚು ಕಟ್ಟುತ್ತಿದ್ದರು. ದೂರಕ್ಕೂ ಕಾಣಲೆಂದು ಎಲ್ಲರೂ ಆರಿಸಿಕೊಳ್ಳುತ್ತಿದ್ದದ್ದು ಕೆಂಪನ್ನೇ. ಬೆಲ್ಟಿನ ಮೇಲೆ ಬಂದ ಮೊದಲ ಕೆಂಪು ಚಿಂದಿಯ ನೀಲಿ ಪೆಟ್ಟಿಗೆಯನ್ನು ಅಜ್ಜ ಎತ್ತಿಕೊಂಡಿದ್ದರು. ಹಿಡಿಕೆಯ ಕಾಗದದ ಟ್ಯಾಗನ್ನು ಅಲ್ಲೇ ಹರಿದು, ಕಸದ ಬುಟ್ಟಿ ಹುಡುಕಿ ಹಾಕಿದ್ದರು. ಶಿಸ್ತಿನ ಮನುಷ್ಯ.

ನಾನು ಆಗ ವಿಶ್ವವಿದ್ಯಾಲಯದಲ್ಲಿ ಆಡಳಿತ ಮತ್ತು ಹೊಣೆಗಾರಿಕೆ ಎಂಬ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಓದಿದ್ದನ್ನು ಪ್ರಯೋಗಿಸಲು ಇದಕ್ಕಿಂತ ಒಳ್ಳೆಯ ಸಂದರ್ಭ ಇನ್ನೇನಿದೆ ಎಂಬ ಆವೇಶದಲ್ಲಿ ವಿಮಾನ ಸಂಸ್ಥೆಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬಳು ಸಿಕ್ಕಳು.

"ಮೇಡಮ್, ಗಲತ್ ಬ್ಯಾಗ್ ತೋ ಆಪ್ ಹೀ ನೇ ಉಠಾಯಾ ನಾ," ಎಂದಳು.

ತಪ್ಪು ಪೆಟ್ಟಿಗೆ ಎತ್ತಿದ್ದು ನಾವೇ, ಒಪ್ಪಿದೆ. ಆದರೆ ಟ್ಯಾಗ್ ಅಂಟಿಸುವುದು ಏತಕ್ಕೆ? ಹೊರಗೆ ಬಿಡುವಾಗ ಅದನ್ನು ಚೀಟಿಯೊಂದಿಗೆ ತಾಳೆ ನೋಡಬೇಕಾದವರು ಯಾರು? ಅದು ತಮ್ಮ ವಿಭಾಗವಲ್ಲ, ನಿಲ್ದಾಣದವರದು ಎಂದಳು. ನಿಲ್ದಾಣದವರು, ಸಾಮಾನು ವಿಮಾನ ಸಂಸ್ಥೆಯದು ಎಂದರು. ಮತ್ತೆ ವಿಮಾನ ಸಂಸ್ಥೆಗೆ ಮಾಡಿದಾಗ ಬೇರೊಬ್ಬ ಸಿಕ್ಕ, ಅವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ನಮ್ಮ ಪೆಟ್ಟಿಗೆ ಬೆಲ್ಟಿನ ಮೇಲೆ ಉಳಿದಿಲ್ಲ, ಯಾರೋ ಒಯ್ದಿದ್ದಾರೆ, ಆದರೆ ಬೇರೆ ಯಾವ ಪ್ರಯಾಣಿಕರೂ ದೂರು ಕೊಟ್ಟಿಲ್ಲ ಎಂದ. ಹಾಗಾದರೆ ಆ ವಿಮಾನದಲ್ಲಿ ಬಂದವರಿಗೆ ಒಂದೊಂದು ಫೋನ್ ಮಾಡಿ ಕೇಳಿ ಎಂದೆ. ಪ್ರಯಾಣಿಕರ ಗೋಪ್ಯತೆಯ ಪ್ರಶ್ನೆ ಎಂದ. ನಂಬರನ್ನು ನನಗೆ ಕೊಡಬೇಡಿ, ನೀವೇ ಮಾಡಿ ಎಂದೆ. ಅದಕ್ಕೆ ದೂರು ಬರಬೇಕು ಎಂದ. ಇದೇನು ಮತ್ತೆ ಎಂದೆ. ಇದು ನಿಮ್ಮ ದೂರು, ಅವರ ದೂರು ಬರಬೇಕು ಎಂದ.

"ಆಯಿತು, ನಿಮ್ಮ ಹೆಸರು ಹೇಳಿ."

"ಹೆಸರು ಹೇಳುವುದಕ್ಕೆ ನಮಗೆ ಪರ್ಮಿಶನ್ ಇಲ್ಲ ಮೇಡಮ್."

ಅಂದಿನ ನನ್ನ ಸಿಟ್ಟು ಇಂದಿಗೂ ಇಳಿದಿಲ್ಲ, ಇಳಿಸುವ ಇಚ್ಛೆಯೂ ನನಗಿಲ್ಲ. ಉತ್ತರಿಸುವವನಿಗೆ ಹೆಸರಿಲ್ಲದಂತೆ ಮಾಡಿಟ್ಟ ವ್ಯವಸ್ಥೆಯಲ್ಲಿ ತಪ್ಪು ಯಾರ ಹೆಗಲಿಗೂ ಹತ್ತುವುದಿಲ್ಲ. ಅದು ಬೆಲ್ಟಿನ ಮೇಲಿನ ಪೆಟ್ಟಿಗೆಯಂತೆ ಸುತ್ತುತ್ತಲೇ ಇರುತ್ತದೆ.

ಇತ್ತ ಅಮ್ಮ ದಂತವೈದ್ಯರನ್ನು ವಿಚಾರಿಸಿದಳು. ಹೊಸ ಸೆಟ್ಟಿಗೆ ಅಳತೆ, ಅಚ್ಚು ಎಂದು ಹಲವು ಬಾರಿ ಬರಬೇಕು, ಒಂದು ದಿನದಲ್ಲಿ ಆಗುವ ಕೆಲಸವಲ್ಲ ಎಂದರು. ಅಜ್ಜ ಹೇಳಬೇಕಾದುದನ್ನು ನಾನು ಬರೆದುಕೊಂಡು ಸಭೆಯಲ್ಲಿ ಓದುತ್ತೇನೆ ಎಂದೆ. ಸದಸ್ಯರಲ್ಲದವರಿಗೆ ಅಲ್ಲಿ ಬಾಯಿ ತೆರೆಯುವ ಹಕ್ಕಿಲ್ಲ, ಮೇಲಾಗಿ ಬಾಯಲ್ಲಿ ಕೊಟ್ಟ ಮಾತಿಗೆ ಬಾಯಲ್ಲೇ ಸಾಕ್ಷಿ ಹೇಳಬೇಕು ಎಂಬುದು ಅಜ್ಜನ ನಿಲುವು. ಹಾಗೆಂದು ಹಲ್ಲಿಲ್ಲದೆ ಎದ್ದು ನಿಲ್ಲಲೂ ಅವರು ಸಿದ್ಧರಿರಲಿಲ್ಲ. ಸಭೆಯ ತುಂಬ ಅವರ ವಿದ್ಯಾರ್ಥಿಗಳು. ಇದೇ ಬಾಯಿಂದ ಅವರ ಬಾಯಿಗಳನ್ನು ತಿದ್ದಿದ ತಾವು ಈಗ ಗಾಳಿ ಊದುತ್ತ ನಿಂತರೆ ಅವರು ನಗುತ್ತಾರೆ; ನಕ್ಕ ಮೇಲೆ ಒಪ್ಪುವುದಿಲ್ಲ. ಅಜ್ಜ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು. ಅಮ್ಮ ಗಂಜಿ ಮಾಡಿ ಕರೆದರೂ ಏಳಲಿಲ್ಲ.

ನಾನು ಮತ್ತೊಮ್ಮೆ ಫೋನ್ ಹಿಡಿದು ಸಂಗೀತ ಕೇಳುತ್ತಿದ್ದಾಗ ಅಮ್ಮ ಆ ಪೆಟ್ಟಿಗೆಯ ಮುಂದೆ ಕುಳಿತು ಸ್ಟೀಲ್ ಡಬ್ಬವನ್ನು ತಿರುಗಿಸಿ ನೋಡುತ್ತಿದ್ದಳು.

"ಫೋನ್ ಇಡು ಮಗಳೇ. ಇದರಲ್ಲಿ ಹೆಸರುಂಟು."

ನಮ್ಮಲ್ಲಿ ಮದುವೆಯಲ್ಲಿ ತವರಿನಿಂದ ಕೊಡುವ ಪಾತ್ರೆಗಳ ಮೇಲೆ ಮಗಳ ಹೆಸರು, ಗಂಡನ ಹೆಸರು, ಹೋಗುವ ಊರು, ಇಷ್ಟನ್ನೂ ಕೆತ್ತಿಸುತ್ತಾರೆ. ಡಬ್ಬದ ಮೇಲೆ ಚುಕ್ಕಿ ಚುಕ್ಕಿಯಾಗಿ ದಂಪತಿಯ ಹೆಸರು, ಅದರ ಕೆಳಗೆ ಊರಿನ ಹೆಸರು ಠಾಣೆ ಎಂದಿತ್ತು. ಆ ಗಂಡನ ಹೆಸರಿನ ಹೋಟೆಲಿನವರೊಬ್ಬರು ಠಾಣೆ ಸ್ಟೇಶನ್ನಿನ ಹತ್ತಿರ ಇದ್ದಾರೆಂಬುದು ಅಮ್ಮನ ಗೆಳತಿಗೆ ಗೊತ್ತಿತ್ತು. ಸಂಜೆಗೆ ಮುಂಚೆ ಮನೆಯ ನಂಬರ್ ಸಿಕ್ಕಿತು. ಅಮ್ಮ ಸ್ಪೀಕರ್ ಹಾಕಿ ಮಾತನಾಡಿದಳು.

ಠಾಣೆಯ ಆ ಹೆಂಗಸು ವಿಮಾನದ ಕತೆಯನ್ನು ಪೂರ್ತಿ ಕೇಳಲೇ ಇಲ್ಲ. "ಯಾವ ಡಬ್ಬ? ದೊಡ್ಡದಾ? ಮುಚ್ಚಳಕ್ಕೆ ಹಿಡಿ ಇರುವುದಾ? ಅಯ್ಯೋ, ಅದು ನಮ್ಮ ಮನೆಯಿಂದ ಹೋಗಿ ಎಷ್ಟು ಕಾಲ ಆಯ್ತು ಮಾರಾಯ್ತಿ. ಅಷ್ಟಮಿಗೆ ಚಕ್ಕುಲಿ ಹಾಕಿ ಠಾಕುರ್ಲಿಗೆ ನಾದಿನಿಗೆ ಕಳಿಸಿದ್ದೆ. ತಿರುಗಿ ಬಂದದ್ದು ಯಾವುದೋ ಸೊಟ್ಟ ಡಬ್ಬ. ಅಪ್ಪ ಕೊಟ್ಟ ಡಬ್ಬ ಅಂತ ಗಂಡನ ಹತ್ತಿರ ಹೇಳಿದ್ರೆ ಅವರ ತಂಗಿ ಅಲ್ವಾ, ಕಿವಿ ಕೇಳುದಿಲ್ಲ ಅವರಿಗೆ."

ನಾದಿನಿಯ ಫೋನ್ ನಂಬರ್ ಕೊಡಲು ಆಕೆ ಒಪ್ಪಲಿಲ್ಲ. ಇಬ್ಬರೂ ಮಾತು ಬಿಟ್ಟಿದ್ದರಂತೆ. ಆದರೆ ಕಟ್ಟಡದ ಗುರುತನ್ನು ಬಹಳ ಚೆನ್ನಾಗಿ ಹೇಳಿದಳು.

ಠಾಕುರ್ಲಿ ನಮಗೆ ಪಕ್ಕದ ಸ್ಟೇಶನ್. ಭಾನುವಾರ ಬೆಳಗ್ಗೆ ಅಮ್ಮ ಡಬ್ಬವನ್ನು ಬಟ್ಟೆಯ ಚೀಲದಲ್ಲಿಟ್ಟುಕೊಂಡು ಹೊರಟಳು, ಜತೆಗೆ ನಾನು. ಬಾಗಿಲು ತೆರೆದ ನಾದಿನಿ ನಮ್ಮ ಮುಖ ನೋಡುವ ಮೊದಲು ಚೀಲದೊಳಗಿನ ಡಬ್ಬವನ್ನು ನೋಡಿದಳು.

"ಅತ್ತಿಗೆ ಕಳಿಸಿದ್ದಾ?"

"ಅಲ್ಲ, ನಾವು ಡೊಂಬಿವಲಿಯಿಂದ..."

"ಒಂದು ಡಬ್ಬದ ಪಂಚಾತಿಕೆಗೆ ಈಗ ಡೊಂಬಿವಲಿಯವರೂ ಬಂದ್ರಾ? ನಾನು ಅವರಿಗೆ ಖಾಲಿ ಕೈ ಕಳಿಸಲಿಲ್ಲ. ಬೇರೆ ಡಬ್ಬ ಕೊಟ್ಟಿದ್ದೇನೆ, ತುಂಬ ಉಂಡೆ ಹಾಕಿ. ಅದನ್ನು ಹೇಳಿದ್ರಾ ನಿಮಗೆ? ಹೇಳ್ಲಿಕ್ಕಿಲ್ಲ."

"ಡಬ್ಬ ನೀವೇ ಇಟ್ಟುಕೊಳ್ಳಿ ಅಕ್ಕ," ಎಂದಳು ಅಮ್ಮ. "ನಮಗೆ ನಮ್ಮ ಅಪ್ಪನ ಹಲ್ಲು ಬೇಕು."

ಆಕೆ ಬಾಗಿಲಿಗೆ ಒರಗಿ ನಿಂತಳು. ಆಮೇಲೆ ನಮ್ಮನ್ನು ಒಳಗೆ ಕರೆದು ಕೂರಿಸಿದಳು. ಈ ಬಾರಿ ಕತೆಯನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬರು ಕೇಳಿದರು. ಕೇಳಿ ಮುಗಿಸಿದವಳು ಹಣೆಗೆ ಕೈ ಹೊಡೆದುಕೊಂಡಳು. ಆ ಡಬ್ಬದಲ್ಲಿ ಚೌತಿಗೆ ಲಾಡು ತುಂಬಿಸಿ ಮೈದುನನ ಮನೆಗೆ ಕೊಟ್ಟಿದ್ದಳಂತೆ. ಮೈದುನ ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಕ್ಯಾಂಟೀನ್ ನಡೆಸುವವನು. ತಾಯಿಯನ್ನು ನೋಡಲು ಊರಿಗೆ ಹೋಗಿದ್ದ, ನಿನ್ನೆ ತಾನೆ ಬಂದಿದ್ದ.

ಅವನ ಮೊಬೈಲ್ ಬಹಳ ಹೊತ್ತು ಬಡಿದುಕೊಂಡಿತು. ಕೊನೆಗೆ ಎತ್ತಿದಾಗ ಹಿನ್ನೆಲೆಯಲ್ಲಿ ಪಾತ್ರೆಗಳ ಸದ್ದು.

"ಹೇಳಿ ಅತ್ತಿಗೆ. ಬ್ಯಾಗಾ? ಉಂಟಲ್ಲ, ಮಂಚದ ಅಡಿಯಲ್ಲಿ. ನಿನ್ನೆ ಬಂದವನೇ ಕ್ಯಾಶಿನ ಗಲ್ಲಾದಲ್ಲಿ ಕೂತದ್ದು, ತೆಗೆಯಲೇ ಇಲ್ಲ. ಯಾಕೆ, ಒಣಸಿಗಡಿ ಬೇಕಿತ್ತಾ?"

"ನಿನ್ನ ಸಿಗಡಿ ಡೊಂಬಿವಲಿಯಲ್ಲಿ ಉಂಟು. ಹೋಗಿ ಪೆಟ್ಟಿಗೆ ತೆಗೆದು ನೋಡು."

ಅವನು ಹೋದ. ನಾವು ಮೂವರೂ ಆ ಫೋನಿನ ಸುತ್ತ ಕುಳಿತೆವು. ನಾದಿನಿ ಕೊಟ್ಟ ಚಹಾ ಆರುತ್ತಿತ್ತು. ಅವನಿಂದ ಫೋನ್ ಬಂದಾಗ ಧ್ವನಿ ತಗ್ಗಿತ್ತು.

"ಅತ್ತಿಗೆ, ಇದರಲ್ಲಿ ಪಂಚೆ ಉಂಟು. ಶಾಲು ಉಂಟು. ಶಾಲಿನ ಒಳಗೆ ಒಂದು ಕರಡಿಗೆ. ಅದರಲ್ಲಿ ಹಲ್ಲು ಉಂಟು ಮಾರಾಯ್ರೆ. ಮನುಷ್ಯರದ್ದು."

ಅಮ್ಮ ಸೆರಗಿನಿಂದ ಕಣ್ಣೊರಸಿಕೊಂಡಳು.

ಸಂಜೆಯ ಸಭೆಯ ವಿಷಯ ಕೇಳಿ ಅವನು ಯೋಚಿಸಿದ. "ಶೀಲ್ ಫಾಟಾದಲ್ಲಿ ಟ್ರಾಫಿಕ್ ಹೇಗುಂಟೋ ಗೊತ್ತಿಲ್ಲ. ಸ್ಕೂಟರಿನಲ್ಲಿ ಈ ಪೆಟ್ಟಿಗೆ ತರ್ಲಿಕ್ಕೆ ಆಗುದಿಲ್ಲ. ಪೆಟ್ಟಿಗೆ ನಾಳೆ ಬರ್ತದೆ. ಹಲ್ಲು ಇವತ್ತು ತರ್ತೇನೆ. ಲಾರಿಯವರ ಊಟ ಮುಗಿದ ಕೂಡಲೇ ಹೊರಡುದು."

ಅಜ್ಜನಿಗೆ ಸುದ್ದಿ ಹೇಳಿದಾಗ ಅವರು ಎದ್ದು ಕುಳಿತರು. ಹಲ್ಲಿಲ್ಲದ ಬಾಯಿಂದಲೇ ಗಂಜಿ ಕೇಳಿ ಕುಡಿದರು.

ಆದರೆ ಸಭೆ ಆರಂಭವಾದಾಗ ಸ್ಕೂಟರು ಬಂದಿರಲಿಲ್ಲ. ಅಜ್ಜ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೈರಾಸನ್ನು ಬಾಯಿಗೊತ್ತಿ ಕುಳಿತಿದ್ದರು. ವೇದಿಕೆಯ ಮೇಲಿದ್ದ ಅಧ್ಯಕ್ಷರು, ಅಜ್ಜನ ಹಳೆಯ ವಿದ್ಯಾರ್ಥಿಯೇ, ತರಗತಿ ಮುಚ್ಚುವ ನಿರ್ಣಯದ ಠರಾವನ್ನು ಓದಿ ಮುಗಿಸಿದರು.

"ಯಾರಿಗಾದ್ರೂ ಹೇಳ್ಲಿಕ್ಕುಂಟಾ? ಮಾಷ್ಟ್ರೇ, ನೀವು? ಇಲ್ಲದಿದ್ರೆ ಕೈ ಎತ್ತುವ."

ಅಜ್ಜ ಸ್ವಲ್ಪ ತಾಳಿ ಎಂಬಂತೆ ಅಂಗೈ ತೋರಿಸಿದರು. ಅಧ್ಯಕ್ಷರು ಅದನ್ನು ಆಶೀರ್ವಾದವೆಂದುಕೊಂಡರೋ ಏನೋ, ಕೈಮುಗಿದು ಮುಂದಕ್ಕೆ ಹೊರಟರು. ನಾನು ಎದ್ದು ನಿಂತೆ. ಸದಸ್ಯರಲ್ಲದವರು ಕುಳಿತುಕೊಳ್ಳಬೇಕು ಎಂದು ಹಿಂದಿನಿಂದ ಯಾರೋ ಹೇಳಿದರು. ಆಗ ಅಮ್ಮ ಎದ್ದಳು. ಅವಳು ಸದಸ್ಯೆ, ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಸಭೆಯಲ್ಲಿ ಮಾತನಾಡಿರದ ಸದಸ್ಯೆ.

"ಠರಾವಿನ ಮೊದಲು ಒಂದು ವಿಷಯ. ಹೆಂಗಸರ ಟಾಯ್ಲೆಟ್ಟಿನ ಚಿಲಕ ಮುರಿದು ಎಷ್ಟು ಸಮಯ ಆಯ್ತು?"

ಅಧ್ಯಕ್ಷರು ಕನ್ನಡಕ ತೆಗೆದರು. "ಅಕ್ಕ, ಅದು ಆಮೇಲೆ ಮಾತಾಡುವ."

"ಆಮೇಲೆ ಅಂತ ಹೋದ ಸಲವೂ ಹೇಳಿದ್ದು. ಯಾರ ಜವಾಬ್ದಾರಿ ಅದು? ಹೆಸರು ಹೇಳಿ."

ಹೆಂಗಸರ ಸಾಲುಗಳಲ್ಲಿ ಬಹುಕಾಲದಿಂದ ತುಂಬಿಕೊಂಡಿದ್ದದ್ದು ಒಡೆಯಿತು. ಹೊರಗೆ ಒಬ್ಬಳನ್ನು ಕಾವಲು ನಿಲ್ಲಿಸಿ ಒಳಗೆ ಹೋಗಬೇಕು ಎಂದಳು ಒಬ್ಬಳು. ನಲ್ಲಿಯಲ್ಲಿ ನೀರಿಲ್ಲ ಎಂದಳು ಇನ್ನೊಬ್ಬಳು. ಖಜಾಂಚಿಯು ಕಾರ್ಯದರ್ಶಿಯತ್ತ ನೋಡಿದರು, ಕಾರ್ಯದರ್ಶಿಯು ಕಟ್ಟಡ ಸಮಿತಿಯತ್ತ ನೋಡಿದರು. ಕಟ್ಟಡ ಸಮಿತಿಯ ಸಂಚಾಲಕರು ತಾವು ರಾಜೀನಾಮೆ ಕೊಟ್ಟಾಗಿದೆ ಎಂದರು. ಆ ರಾಜೀನಾಮೆ ಅಂಗೀಕಾರವಾಗಿದೆಯೇ ಎಂಬುದರ ಮೇಲೆ ಬೇರೆಯೇ ಜಗಳ ಹತ್ತಿಕೊಂಡಿತು. ಹೊಣೆಗಾರಿಕೆಯ ಕುರಿತು ನಾನು ಓದಿದ ಗ್ರಂಥಗಳಲ್ಲಿ ಇಂಥ ಅಧ್ಯಾಯ ಇರಲಿಲ್ಲ. ಅಮ್ಮ ನನ್ನ ಕಡೆ ನೋಡದೆ, ಬಾಗಿಲಿನ ಕಡೆ ನೋಡುತ್ತ, ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಲೇ ಇದ್ದಳು.

ಆ ಬಾಗಿಲಲ್ಲಿ ಹೆಲ್ಮೆಟ್ ಧರಿಸಿದವನೊಬ್ಬ ಕಾಣಿಸಿಕೊಂಡ. ಕೈಯಲ್ಲಿ ಅಂಗೈಯಗಲದ ಸ್ಟೀಲ್ ಡಬ್ಬ. ಕರಡಿಗೆಯ ಮುಚ್ಚಳ ಸಡಿಲವಿತ್ತೆಂದು, ದಾರಿಯ ಕುಲುಕಾಟಕ್ಕೆ ಬೀಳಬಾರದೆಂದು, ಅವನು ಹಲ್ಲನ್ನು ಬಿಸಿನೀರಿನಲ್ಲಿ ತೊಳೆದು ಅದರೊಳಗೆ ಹಾಕಿ ತಂದಿದ್ದ. ಯಾರು ಮಾಷ್ಟ್ರು ಎಂದು ಕೇಳುವ ಅಗತ್ಯ ಅವನಿಗೆ ಬೀಳಲಿಲ್ಲ. ಬಾಯಿಗೆ ಬೈರಾಸು ಹಿಡಿದವರು ಅಲ್ಲಿ ಒಬ್ಬರೇ. ಅಜ್ಜ ಡಬ್ಬ ತೆಗೆದುಕೊಂಡು ಕೈ ತೊಳೆಯುವ ಬೇಸಿನ್ನಿನತ್ತ ನಡೆದರು. ಮರಳುವಾಗ ಬೈರಾಸು ಹೆಗಲ ಮೇಲಿತ್ತು.

"ಚಿಲಕದ ವಿಷಯ ಅಲ್ಲಿಗಿರಲಿ," ಎಂದರು. ಸಭೆ ತರಗತಿಯಂತೆ ಸುಮ್ಮನಾಯಿತು. ಪ್ರತಿ ಅಕ್ಷರವೂ ತನ್ನ ಜಾಗದಲ್ಲಿ ನಿಂತಿತ್ತು.

ಅವರು ಹೆಚ್ಚು ಮಾತನಾಡಲಿಲ್ಲ. ಈ ಗೋಡೆಗಳು ಎದೆಮಟ್ಟ ಇದ್ದಾಗ ಯಾರು ಯಾರು ಎಲ್ಲಿ ನಿಂತಿದ್ದರು, ಯಾರು ಹೋಟೆಲು ಮುಚ್ಚಿ ಬಂದಿದ್ದರು, ಯಾರು ಏನು ಹೇಳಿದರು ಎಂಬುದನ್ನು ಹೇಳಿದರು. ಆಮೇಲೆ ಅಧ್ಯಕ್ಷರತ್ತ ತಿರುಗಿದರು.

"ಒಂದು ಮಗು ಉಳಿದರೂ ತರಗತಿ ಮುಚ್ಚುವುದಿಲ್ಲ ಎಂದದ್ದು ನಿನ್ನ ಅಪ್ಪ. ನೀನು ಮರಳಿನ ರಾಶಿಯ ಮೇಲೆ ಆಡುತ್ತಿದ್ದೆ. ಅಂಗಿಯೆಲ್ಲ ಮರಳು ಮಾಡಿಕೊಂಡು ಪೆಟ್ಟು ತಿಂದದ್ದೂ ಅಂದೇ. ನಾನು ಹೇಳುವುದು ಸುಳ್ಳಾದರೆ ಸುಳ್ಳು ಎನ್ನು. ನಾನು ಕುಳಿತುಕೊಳ್ಳುತ್ತೇನೆ."

ಅಧ್ಯಕ್ಷರು ಕಾಗದಗಳನ್ನು ಜೋಡಿಸುತ್ತಿದ್ದವರು ನಿಲ್ಲಿಸಿದರು. "ಪೆಟ್ಟು ನೆನಪುಂಟು ಮಾಷ್ಟ್ರೇ," ಎಂದರು. ಯಾರೋ ನಕ್ಕರು. ಅವರು ನಗಲಿಲ್ಲ. "ಅಪ್ಪ ಹೇಳಿದ್ದೂ ನೆನಪುಂಟು."

ಠರಾವು ಹಿಂದಕ್ಕೆ ಹೋಯಿತು. ಕೋಚಿಂಗ್ ಕ್ಲಾಸಿನವರಿಗೆ ಬೇರೆ ಜಾಗ ನೋಡಿಕೊಳ್ಳಲು ಹೇಳುವುದೆಂದಾಯಿತು. ಚಿಲಕವನ್ನು ಅದೇ ವಾರ ಹಾಕಿಸುವುದೆಂದೂ, ಹಾಕಿಸಬೇಕಾದವರ ಹೆಸರು ಇಂಥದ್ದೆಂದೂ ಅಮ್ಮ ಹೇಳಿಸಿಯೇ ಬಿಟ್ಟಳು. ಮನೆಗೆ ನಡೆದು ಬರುವಾಗ ಅಜ್ಜ ದಾರಿಯುದ್ದಕ್ಕೂ ಮಾತನಾಡಿದರು: ವಿಮಾನದ ಕಿಟಕಿಯಿಂದ ಕಂಡ ಕಡಲು, ಗಲ್ಫಿನವನ ಅರೆಜ್ಞಾನ, ಅಧ್ಯಕ್ಷರು ಠರಾವು ಓದುವಾಗ ನುಂಗಿದ ಒತ್ತಕ್ಷರಗಳು. ಎರಡು ದಿನಗಳ ಬಾಕಿಯನ್ನು ಒಮ್ಮೆಲೇ ತೀರಿಸುವವರಂತೆ. ನಾವು ತಡೆಯಲಿಲ್ಲ.

ನೀಲಿ ಪೆಟ್ಟಿಗೆಗಳು ಮರುದಿನ ತಂತಮ್ಮ ಮನೆ ಸೇರಿದವು. ಕಳಂಬೋಲಿಯವನದ್ದನ್ನು ಕಳಿಸುವಾಗ ಅಮ್ಮ ಸೀರೆಯ ಕೆಂಪು ಚಿಂದಿ ಬಿಚ್ಚಿ ಹಳದಿ ಚಿಂದಿ ಕಟ್ಟಿದಳು. ದೊಡ್ಡ ಡಬ್ಬವನ್ನು, ನಾದಿನಿಯ ಒಪ್ಪಿಗೆ ಪಡೆದು, ಉಂಡೆ ತುಂಬಿಸಿ ಠಾಣೆಗೆ ತಲುಪಿಸಿದಳು. ಅತ್ತಿಗೆ-ನಾದಿನಿಯರು ಮಾತು ಶುರು ಮಾಡಿದರಂತೆ. ಮೊದಲ ಮಾತು ಸೊಟ್ಟ ಡಬ್ಬದ ಬಗ್ಗೆಯೇ ಇತ್ತಂತೆ.

ಕೆಲವು ವಾರಗಳ ನಂತರ ವಿಮಾನ ಸಂಸ್ಥೆಯಿಂದ ಫೋನ್ ಬಂತು. ನಮ್ಮ ದೂರನ್ನು ಯಶಸ್ವಿಯಾಗಿ ಬಗೆಹರಿಸಲಾಗಿದೆ, ಸೇವೆ ತೃಪ್ತಿಕರವಾಗಿತ್ತೇ ಎಂದು ವಿಚಾರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಫೋನ್ ಕಿತ್ತುಕೊಂಡರು. "ಪೆಹಲೇ ಆಪ್ ಅಪನಾ ನಾಮ್ ಬತಾಯಿಯೇ," ಎಂದು, ಮೊದಲು ನಿಮ್ಮ ಹೆಸರು ಹೇಳಿ ಎಂಬುದನ್ನು, ಮಕ್ಕಳಿಗೆ ಕಲಿಸುವಷ್ಟು ನಿಧಾನವಾಗಿ ಕೇಳಿದರು. ಫೋನ್ ಕಟ್ಟಾಯಿತು.

ಹಲ್ಲು ಬಂದ ಆ ಸಣ್ಣ ಡಬ್ಬ ನಮ್ಮಲ್ಲೇ ಉಳಿಯಿತು. ಕಳಂಬೋಲಿಯವನು ಅದು ತನ್ನದಲ್ಲ, ಕ್ಯಾಂಟೀನಿಗೆ ಹೇಗೋ ಬಂದದ್ದು ಎಂದ. ರಾತ್ರಿ ಕಳಚಿದ ಹಲ್ಲಿನ ಸೆಟ್ಟನ್ನು ಅಜ್ಜ ಈಗ ಅದರಲ್ಲೇ ಇಡುತ್ತಾರೆ. ಗ್ಲಾಸು, ಕರಡಿಗೆ ಯಾವುದೂ ಅವರಿಗೆ ಒಗ್ಗುವುದಿಲ್ಲ. ಅದರ ತಳದಲ್ಲಿ ದಿವಾ ಎಂಬ ಹತ್ತಿರದ ಊರಿನ ಹೆಣ್ಣುಮಗಳೊಬ್ಬಳ ಹೆಸರು ಕೆತ್ತಿದೆ. ಅವಳು ಯಾರೆಂದು ನಮಗೆ ತಿಳಿಯದು. ಎಂದಾದರೂ ಕೇಳಿಕೊಂಡು ಬಂದರೆ ಏನು ಹೇಳುವುದು ಎಂದು ಅಮ್ಮ ಆಗಾಗ ಆತಂಕಪಡುತ್ತಾಳೆ.

"ಬರಲಿ," ಎನ್ನುತ್ತಾರೆ ಅಜ್ಜ. "ನಾನೇ ಉತ್ತರ ಕೊಡ್ತೇನೆ. ಹಲ್ಲು ಹಾಕಿಕೊಳ್ಳುವಷ್ಟು ಸಮಯ ಕೊಟ್ಟರೆ ಸಾಕು."